ಆಸ್ತಿಗೆ ನೂರು ಹೆಸರು, ಅಮ್ಮನಿಗೆ ಒಂದು ಸಾಲು

ಮೂವತ್ತು ನಲವತ್ತರ ಸೈಟು. ಅದರಲ್ಲಿ ಒಂದು ಬೇವಿನ ಗಿಡ ಇಲ್ಲ, ಕೂರುವುದಕ್ಕೆ ಒಂದು ಕಲ್ಲಿಲ್ಲ. ಬೋರು ಎಷ್ಟು ಆಳಕ್ಕೆ ಇಳಿಸಿದರೂ ಬರೀ ಧೂಳು ಬರುತ್ತದೆ. ಆದರೂ ಅದರ ಕ್ರಯಪತ್ರದಲ್ಲಿ, ನಿಧಿ ನಿಕ್ಷೇಪ ಜಲ ತರು ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯಗಳ ಸಮೇತ ನಿಮಗೆ ಬಿಟ್ಟುಕೊಟ್ಟಿರುತ್ತೇನೆ ಎಂಬ ಸಾಲು ಇದ್ದೇ ಇರುತ್ತದೆ. ಹೂತಿಟ್ಟ ಹೊನ್ನಿನಿಂದ ಹಿಡಿದು ಮುಂದೆಂದೋ ಬರಬಹುದಾದ ಲಾಭದವರೆಗೆ ಎಲ್ಲವೂ ನಿಮ್ಮದೇ ಎಂದು ಅರ್ಥ. ಕೊಳ್ಳುವವರು ಅದನ್ನು ಓದುವುದಿಲ್ಲ, ಮಾರುವವರೂ ಓದುವುದಿಲ್ಲ. ಟೈಪು ಮಾಡುವ ನಾನೂ ಓದುವುದಿಲ್ಲ. ಟೈಪು ಮಾಡುವ ನಾನು ಅಂದೆನಲ್ಲ, ಅದೂ ಅರ್ಧ ಸುಳ್ಳು. ನಮ್ಮ ಕಸುಬಿನಲ್ಲಿ ಪತ್ರವನ್ನು ಮೊದಲಿಂದ ಟೈಪು ಮಾಡುವವರು ಯಾರೂ ಇಲ್ಲ. ಅದೇ ತರಹದ ಹಳೆಯ ಫೈಲೊಂದನ್ನು ತೆಗೆದು ಹೆಸರು, ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ ಬದಲಾಯಿಸಿ ಪ್ರಿಂಟು ತೆಗೆಯುತ್ತೇವೆ. ಉಳಿದದ್ದೆಲ್ಲ ಹಿಂದಿನವರ ಮನೆಯ ಮಾತು, ಅದು ಹಾಗೇ ಉಳಿದಿರುತ್ತದೆ.

ಶ್ರೀನಿವಾಸಪುರದ ನೋಂದಣಿ ಕಚೇರಿಯ ಎದುರು ಸಾಲಿನಲ್ಲಿ ಒಬ್ಬ ಪತ್ರ ಬರಹಗಾರರ ಅಂಗಡಿ ಇದೆ. ಅದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೂತು ನನ್ನ ಸೊಂಟ ಹೋಗಿದೆ. ತವರು ಇಲ್ಲೇ ಯಲ್ದೂರಿನ ಪಕ್ಕದ ಹಳ್ಳಿ. ಕೊಟ್ಟದ್ದು ವಕ್ಕಲೇರಿ ಕಡೆಗಾದರೂ ನನ್ನ ಗಂಡನಿಗೆ ಇಲ್ಲಿನ ಮಾವಿನ ಮಂಡಿಯಲ್ಲಿ ಕೆಲಸ ಸಿಕ್ಕಿದ್ದರಿಂದ ತವರಿಗೆ ಹತ್ತಿರದಲ್ಲೇ ಉಳಿದೆ. ಅದನ್ನು ಪುಣ್ಯ ಅಂದುಕೊಂಡಿದ್ದ ಕಾಲವೂ ಒಂದಿತ್ತು.

ಈ ಅಂಗಡಿಯಲ್ಲಿ ಒಂದು ದಿನ ಕೂತರೆ ಆಸ್ತಿ ಅನ್ನುವುದಕ್ಕೆ ನಾಲ್ಕಾರು ಹೆಸರು ಕಿವಿಗೆ ಬೀಳುತ್ತವೆ. ಮುಳಬಾಗಿಲ ಕಡೆಯ ತೆಲುಗಿನವರು ಸೊಮ್ಮು ಅನ್ನುತ್ತಾರೆ. ಮಂಡಿ ಬೀದಿಯ ಸಾಬರ ಮನೆಯವರು ಜಾಯ್ದಾದ್ ಅನ್ನುತ್ತಾರೆ. ಕೃಷ್ಣಗಿರಿಯಿಂದ ಬರುವ ತಮಿಳರು ಸೊತ್ತು ಅನ್ನುತ್ತಾರೆ. ಮಾಲೂರಿನವರಂತೂ ಈಗ ಭೂಮಿ, ಹೊಲ, ಜಮೀನು ಎಲ್ಲ ಮರೆತು ಸೈಟು ಅನ್ನುವ ಒಂದೇ ಮಾತಿಗೆ ಬಂದು ನಿಂತಿದ್ದಾರೆ. ಕಚೇರಿಯಲ್ಲಿ ಸರ್ವರ್ ಡೌನ್ ಆಗುತ್ತದೆ, ಅದಂತೂ ನಮಗೆ ಹೊತ್ತುಹೊತ್ತಿನ ಊಟವಿದ್ದ ಹಾಗೆ. ಆಗ ಜನ ಗೊಣಗಿಕೊಂಡು ಟೀ ಅಂಗಡಿಗೆ ಹೋದರೆ ನಾನು ಫೋನು ತೆಗೆದು, ಬೇರೆ ಬೇರೆ ದೇಶದವರು ಆಸ್ತಿಗೆ ಏನೆನ್ನುತ್ತಾರೆ ಎಂದು ಹುಡುಕುತ್ತಿದ್ದೆ. ಮಂಡಿಯವರು ಕೊಟ್ಟ ಒಂದು ಡೈರಿಯಲ್ಲಿ ಅದನ್ನೆಲ್ಲ ಬರೆದಿಡುತ್ತಿದ್ದೆ. ಅಂಗಡಿಯ ಯಜಮಾನರು ನೋಡಿ, "ಏನ್ ಮೇಡಂ, ಪ್ರಪಂಚದ ಆಸ್ತಿಯೆಲ್ಲ ನಿಮ್ಮ ಹೆಸರಿಗೇ ಮಾಡ್ಕೊಂಡ್ರಾ?" ಎಂದು ರೇಗಿಸುತ್ತಿದ್ದರು. ಅವರು ಒಳ್ಳೆಯವರೇ. ಸ್ವಂತ ಆಸ್ತಿ ಇಲ್ಲದವಳಿಗೆ ಹೆಸರಾದರೂ ಇರಲಿ ಅಂತ ಮಾಡ್ತಿದೀನಿ ಸಾರ್, ಎಂದು ನಾನೂ ನಗುತ್ತಿದ್ದೆ.

ಹುಡುಕುತ್ತಾ ಹೋದಂತೆ ನನಗೆ ಮೊದಲು ಸಿಕ್ಕಿದ್ದು ಹಸು. ಎಲ್ಲಿ ನೋಡಿದರೂ ಹಸುವೇ. ಹಳೆಯ ರೋಮಿನವರ ಲ್ಯಾಟಿನ್ನಿನಲ್ಲಿ ಹಣಕ್ಕಿರುವ ಮಾತು ಹುಟ್ಟಿದ್ದು ದನದ ಮಂದೆಯ ಮಾತಿನಿಂದ. ಸ್ಪೇನಿನವರು ದನಕರುವನ್ನು ಕರೆಯುವ ಮಾತಿಗೆ ಮೂಲ ಅರ್ಥ 'ಗಳಿಸಿದ್ದು'. ನಮ್ಮ ಮಂಡಿಯಲ್ಲಿ ಲಾರಿಗೆ ತುಂಬುವ ಮಾವಿಗೆ ಮಾಲು ಅನ್ನುತ್ತೇವಲ್ಲ, ಅದು ಅರಬ್ಬರ ಮಾತು, ಅವರಿಗೆ ಅದು ಐಶ್ವರ್ಯ. ಅದೇ ಮಾತು ಮಂಗೋಲಿಯಾದ ಹುಲ್ಲುಗಾವಲಿಗೆ ಹೋದರೆ ಬರೀ ದನ, ಕುದುರೆ, ಕುರಿ. ತಮಿಳಿನ ಮಾಡು ಅಂದರೆ ಹಸು, ಹಿಂದಿನ ತಮಿಳಿನಲ್ಲಿ ಸಂಪತ್ತೂ ಹೌದು. ನಮ್ಮ ಗಡಿಯ ತೆಲುಗಿನಲ್ಲಿ ಸೊಮ್ಮುಲು ಅಂದರೆ ಕೊಟ್ಟಿಗೆಯಲ್ಲಿರುವ ದನಗಳು. ಫಿನ್ಲೆಂಡಿನವರು ಮಾತ್ರ ಬೇರೆ, ಅವರಲ್ಲಿ ದುಡ್ಡಿಗಿರುವ ಮಾತಿಗೆ ಒಂದು ಕಾಲದಲ್ಲಿ ಪ್ರಾಣಿಯ ತುಪ್ಪಳದ ಚರ್ಮ ಎಂದು ಅರ್ಥವಂತೆ. ಚೀನಾದವರು ಐಶ್ವರ್ಯ ಎಂದು ಬರೆಯುವ ಅಕ್ಷರದ ಮಗ್ಗುಲಲ್ಲಿ ಒಂದು ಕವಡೆಯ ಚಿತ್ರ ಇದೆಯಂತೆ. ಇವನ್ನೆಲ್ಲ ಓದಿ ನಾನು ಬೆರಗಾಗಲಿಲ್ಲ. ನನಗೆ ನಮ್ಮ ಅಮ್ಮನ ನೆನಪು ಬಂತು.

ಅಮ್ಮ ಆವನಿಯ ಪಕ್ಕದ ಊರಿನವಳು, ತೆಲುಗಿನವಳು. ಮದುವೆಯಲ್ಲಿ ಬಳುವಳಿ ಎಂದು ತವರಿನವರು ಒಂದು ಹೆಣ್ಣು ಕರು ಕೊಟ್ಟಿದ್ದರು. ಆ ಕರು ಬೆಳೆದು, ಅದರ ಹೊಟ್ಟೆಯಲ್ಲಿ ಸೀಮೆ ಹಸು ಹುಟ್ಟಿ, ಅದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿ, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಕೊಟ್ಟಿಗೆ ತುಂಬಿತ್ತು. ಬೆಳಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕುವವಳು ಅಮ್ಮ. ಡೈರಿಯ ಕಾರ್ಡಿನಲ್ಲಿ ಇದ್ದ ಹೆಸರು ಅಪ್ಪನದು. ಅಪ್ಪ ಕೆಟ್ಟವನಲ್ಲ, ಕುಡುಕನಲ್ಲ, ಯಾರ ಮೇಲೂ ಕೈ ಮಾಡಿದವನಲ್ಲ. ಹಸುವಿನ ಬಾಲ ಯಾವ ಕಡೆ ಇರುತ್ತದೆ ಎಂದು ತಿಳಿದುಕೊಳ್ಳುವ ಗೋಜಿಗೂ ಹೋದವನಲ್ಲ, ಅಷ್ಟೇ.

ಹಾಲಿನ ದುಡ್ಡನ್ನು ಅಮ್ಮ ಸೇರಿಸಿ ಸೇರಿಸಿ, ಊರಿನ ಓಣಿ ಆಚೆಗಿದ್ದ ಒಂದು ಎಕರೆ ಮಾವಿನ ತೋಪನ್ನು ಕೊಂಡಳು. ಬಾದಾಮಿ, ಬೇನಿಷಾ, ಮೂಲೆಯಲ್ಲಿ ಒಂದು ಹಳೆಯ ಉಪ್ಪಿನಕಾಯಿ ಮರ. ಕೊಂಡಳು ಅಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ನೋಂದಣಿಯ ದಿನ ಒಂದು ಹಸು ಕರು ಹಾಕುವುದರಲ್ಲಿತ್ತು. ಅಮ್ಮ ಅದನ್ನು ಬಿಟ್ಟು ಹೇಗೆ ಹೊರಡುತ್ತಾಳೆ? ಅಪ್ಪ ಒಬ್ಬನೇ ದುಡ್ಡು ತೆಗೆದುಕೊಂಡು ಹೋದ. ಯಾರ ಹೆಸರಿಗೆ ಎಂದು ಕೇಳಿದರಂತೆ. ತನ್ನದನ್ನು ಹೇಳಿದ. ಸಂಜೆ ಬಂದು ಪತ್ರವನ್ನು ಟ್ರಂಕಿಗೆ ಹಾಕಿದ. ಅಮ್ಮ ಆ ಹೊತ್ತಿಗೆ ಹುಟ್ಟಿದ ಕರುವಿನ ಗೊರಸಿನ ತುದಿಯ ಮೆತ್ತನೆ ಸಿಪ್ಪೆ ಕೀಳುತ್ತಾ ಕೂತಿದ್ದಳು. ಇದರಲ್ಲಿ ಮೋಸ ಎಲ್ಲಿದೆ ಎಂದು ಕೇಳಿದರೆ ನಾನು ತೋರಿಸಲಾರೆ, ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ತೋಪನ್ನು ಅಮ್ಮ ಆಸ್ತಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಯಾರಾದರೂ ಕೇಳಿದರೆ, "ನಾ ದಗ್ಗರ ಏಮುಂದಿ" ಅನ್ನುತ್ತಿದ್ದಳು, ನನ್ನ ಹತ್ತಿರ ಏನಿದೆ ಎಂದು. ಇದೂ ನನ್ನ ಡೈರಿಗೆ ಹೋಯಿತು. ಇಂಗ್ಲಿಷಿನವನು ಐ ಹ್ಯಾವ್ ಎಂದು ತನ್ನದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ ಹಾಗೆ ಮಾತಾಡುತ್ತಾನೆ. ಕನ್ನಡದಲ್ಲಿ, ತೆಲುಗಿನಲ್ಲಿ, ರಷ್ಯಾದವರಲ್ಲಿ ಯಾರೂ ಏನನ್ನೂ ಹಿಡಿದುಕೊಳ್ಳುವುದಿಲ್ಲ, ವಸ್ತು ನಮ್ಮ ಹತ್ತಿರ ಸುಮ್ಮನೆ ಇರುತ್ತದೆ. ಓದಿದಾಗ ನಮ್ಮ ಭಾಷೆ ಎಷ್ಟು ವಿನಯದ್ದು ಎಂದು ಹೆಮ್ಮೆಪಟ್ಟಿದ್ದೆ. ಹತ್ತಿರ ಇರುವುದನ್ನು ಹಗ್ಗ ಬಿಚ್ಚಿಕೊಂಡು ಹೋದರೆ ಕೇಳುವವರಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದೇ ಒಂದು ಆಸೆ ಹೇಳಿದಳು. ಪಹಣಿಯಲ್ಲಿ ತನ್ನ ಹೆಸರು ಬರಬೇಕು. ಪೂರ್ತಿ ತೋಪು ತನಗೇ ಬೇಕು ಎಂದಲ್ಲ. "ಮೀ ಅನ್ನ ಪೇರು ಪಕ್ಕನ ನಾ ಪೇರು," ನಿಮ್ಮಣ್ಣನ ಹೆಸರಿನ ಪಕ್ಕದಲ್ಲಿ ನನ್ನದೂ ಇರಲಿ, ಅಷ್ಟೇ. ಹಾಲಿನ ಡೈರಿಯ ಕಾರ್ಡಿನಿಂದ ಹಿಡಿದು ಕರೆಂಟು ಬಿಲ್ಲಿನವರೆಗೆ ಎಲ್ಲೂ ಇಲ್ಲದ ಹೆಸರು ಆ ಒಂದು ಕಾಗದದಲ್ಲಿ ಕಾಣಬೇಕು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರು ಬರೆದರೆ ಅದರ ಆಕಾರ ಮಾತ್ರ ಗೊತ್ತಾಗುತ್ತಿತ್ತು.

ನನಗೆ ಒಬ್ಬನೇ ಅಣ್ಣ. ಅವನೂ ಆಗಲಿ ಎಂದ. ಕಾನೂನಿನ ಪ್ರಕಾರ ಅಪ್ಪನ ಆಸ್ತಿ ಮೂರು ಪಾಲು: ಅಮ್ಮನಿಗೊಂದು, ಅಣ್ಣನಿಗೊಂದು, ನನಗೊಂದು. ಹೆಣ್ಣುಮಕ್ಕಳು ತವರಿನ ಪಾಲು ಕೇಳಬಾರದು ಎಂಬ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಕೈಗಿಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುತ್ತಾರೆ. ಅಂಥ ಪತ್ರಗಳನ್ನು ಎಷ್ಟು ಹೆಣ್ಣುಮಕ್ಕಳಿಗೆ ಮಾಡಿಕೊಟ್ಟಿದ್ದೆನೋ ಲೆಕ್ಕವಿಲ್ಲ. ಸಹಿ ಮಾಡಿ ಹೊರಗೆ ಬಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಣ್ಣಂದಿರ ಜೊತೆಯಲ್ಲೇ ಹೋಟೆಲಿಗೆ ಹೋಗಿ ದೋಸೆ ತಿನ್ನುವವರನ್ನು ನೋಡಿ ಒಳಗೊಳಗೇ ಪೆದ್ದಿಯರು ಅಂದುಕೊಳ್ಳುತ್ತಿದ್ದೆ. ನನ್ನ ಸರದಿ ಬಂದಾಗ ನಾನೂ ಒಪ್ಪಿದೆ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ ನಿಂತುಹೋದರೆ ಎಂಬ ಭಯ ಓದಿದವಳಿಗೂ ಇರುತ್ತದೆ, ಓದದವಳಿಗೂ ಇರುತ್ತದೆ. ನನ್ನ ಪಾಲು ಅಣ್ಣನಿಗೆ ಹೋಗುತ್ತದೆ, ಅಮ್ಮನ ಪಾಲು ಅಮ್ಮನಿಗೇ ಉಳಿಯುತ್ತದೆ, ಪಹಣಿಯಲ್ಲಿ ಇಬ್ಬರ ಹೆಸರೂ ಬರುತ್ತದೆ ಎಂದು ಲೆಕ್ಕ.

"ಮನೆಯಲ್ಲೇ ಪತ್ರ ಬರೆಯೋಳು ಇರೋವಾಗ ಇನ್ನೊಬ್ರ ಹತ್ರ ಯಾಕಮ್ಮ? ನೀನೇ ಮಾಡ್ಬಿಡು," ಎಂದ ಅಣ್ಣ.

ನಾನೇ ಮಾಡಿದೆ. ಮಾಲೂರು ಕಡೆಯ ಒಬ್ಬ ಅಣ್ಣ ತಂಗಿಯ ಬಿಡುಗಡೆ ಪತ್ರದ ಫೈಲು ಕಂಪ್ಯೂಟರಿನಲ್ಲಿತ್ತು. ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು, ನಮ್ಮ ಮನೆಯ ಹಾಗೇ. ಅವರ ಅಪ್ಪನ ಹೆಸರು ತೆಗೆದು ನಮ್ಮ ಅಪ್ಪನ ಹೆಸರು ಹಾಕು ಎಂದು ಕಂಪ್ಯೂಟರಿಗೆ ಹೇಳಿದರೆ ಪತ್ರದಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದೇ ಸಲ ಬದಲಾಗುತ್ತದೆ. ಹಾಗೇ ಅವರ ಅಮ್ಮನ ಹೆಸರಿಗೆ ನಮ್ಮ ಅಮ್ಮನ ಹೆಸರು. ಅಣ್ಣನದು, ನನ್ನದು. ಸರ್ವೆ ನಂಬರು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ. ಟೀ ತಣ್ಣಗಾಗುವುದರೊಳಗೆ ಪ್ರಿಂಟು ತೆಗೆದಿದ್ದೆ.

ಅವತ್ತು ಅಮ್ಮ ಬಂದಿದ್ದಳು. ಅವಳ ಸಹಿ ಬೇಕಾಗಿರಲಿಲ್ಲ, ನೋಡಲೆಂದೇ ಬಂದಿದ್ದಳು. ಕಚೇರಿಯ ಹೊರಗಿನ ಹೊಂಗೆ ಮರದ ಕಟ್ಟೆಯ ಮೇಲೆ ಮದುವೆ ಮನೆಗೆ ಉಡುವ ಸೀರೆ ಉಟ್ಟು ಕೂತಿದ್ದಳು. ನಾನು ಕಾಗದ ಹಿಡಿದುಕೊಂಡು ದಾಟುವಾಗ ಕೈ ಹಿಡಿದು ನಿಲ್ಲಿಸಿದಳು.

"ನಾ ಪೇರು ರಾಸ್ತಿವಾ ಪಾಪಾ?" ನನ್ನ ಹೆಸರು ಬರೆದೆಯಾ ಎಂದು.

"ರಾಸ್ನಾನಮ್ಮಾ," ಬರೆದಿದ್ದೇನೆ ಎಂದೆ. ಅವಳು ತೋರಿಸು ಎಂದಳು. ನಾನು ನಡುವಿನ ಒಂದು ಹಾಳೆ ತೆಗೆದು ಹೆಸರಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಅದನ್ನು ತನ್ನ ಬೆರಳಿನಿಂದಲೂ ಒಂದು ಸಲ ಮುಟ್ಟಿದಳು. ಅಷ್ಟರಲ್ಲಿ ಒಳಗೆ ನಮ್ಮ ಸರದಿ ಕೂಗಿದರು. ಪತ್ರದ ಕೊನೆಯಲ್ಲಿ, ಓದಿ ಕೇಳಿ ತಿಳಿದುಕೊಂಡು ಒಪ್ಪಿ ರುಜು ಮಾಡಿರುತ್ತೇವೆ ಎಂದು ಇರುತ್ತದೆ. ಆ ಸಾಲೂ ಮಾಲೂರಿನವರದೇ. ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು, ಆಯಿತು. ನಾವೂ ಹೋಟೆಲಿಗೆ ಹೋಗಿ ದೋಸೆ ತಿಂದೆವು.

ಐದಾರು ತಿಂಗಳು ಕಳೆದ ಮೇಲೆ ಯಾವುದೋ ಕೆಲಸಕ್ಕೆ ಆ ಸರ್ವೆ ನಂಬರಿನ ಪಹಣಿ ತೆಗೆದು ನೋಡಿದೆ. ಅಣ್ಣನ ಹೆಸರು ಒಂದೇ ಇತ್ತು. ತಪ್ಪು ಕಚೇರಿಯವರದು ಎಂದು ಅವರನ್ನು ಬೈದುಕೊಳ್ಳುತ್ತಲೇ ಪತ್ರದ ಪ್ರತಿ ತೆಗೆದು ಓದಿದೆ. ಮೊದಲ ಸಲ ಓದಿದೆ. ಎರಡನೆಯ ಹಾಳೆಯಲ್ಲಿ, ನಮ್ಮ ತಂದೆಯವರು ದೈವಾಧೀನರಾಗಿರುತ್ತಾರೆ ಎಂಬ ಸಾಲಿನ ಕೆಳಗೆ, ನಮ್ಮ ತಾಯಿಯವರಾದ ಶ್ರೀಮತಿ ಎಂದು ಶುರುವಾಗಿ ಅಮ್ಮನ ಹೆಸರು ಇತ್ತು. ಅದರ ಮುಂದೆ: ರವರೂ ಸಹ ಈ ಹಿಂದೆಯೇ ದೈವಾಧೀನರಾಗಿರುತ್ತಾರೆ. ಆದುದರಿಂದ ನಾವಿಬ್ಬರೇ ವಾರಸುದಾರರಾಗಿರುತ್ತೇವೆ.

ಮಾಲೂರಿನ ಅವರ ತಾಯಿ ಸತ್ತಿದ್ದಳು. ಆ ಸಾವು ಫೈಲಿನಲ್ಲೇ ಉಳಿದಿತ್ತು. ನಾನು ಹೆಸರು ಬದಲಾಯಿಸಿದಾಗ ಅದು ನಮ್ಮ ಅಮ್ಮನ ಮೇಲೆ ಬಂದು ಕೂತಿತ್ತು. ಇಡೀ ಜೀವಮಾನದಲ್ಲಿ ಅಮ್ಮನ ಹೆಸರು ಆಸ್ತಿಯ ಕಾಗದವೊಂದರಲ್ಲಿ ಬಂದದ್ದು ಅದೇ ಮೊದಲು. ಕಟ್ಟೆಯ ಮೇಲೆ ಕೂತವಳಿಗೆ ನಾನು ಬೆರಳಿಟ್ಟು ತೋರಿಸಿದ್ದು ಅದೇ ಸಾಲನ್ನು.

ಅವತ್ತೇ ಬಸ್ಸು ಹತ್ತಿ ಅಣ್ಣನ ಹತ್ತಿರ ಓಡಿದೆ. ತಪ್ಪಾಗಿದೆ, ತಿದ್ದುಪಡಿ ಪತ್ರ ಮಾಡಿಸೋಣ, ನೀನೂ ನಾನೂ ಸಹಿ ಹಾಕಿದರೆ ಸಾಕು ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಖಾತೆ ಮಾಡಿಸುವಾಗಲೇ ಅವನು ಅದನ್ನು ಓದಿದ್ದ.

"ಗೊತ್ತಿದ್ದೂ ಸುಮ್ನಿದ್ಯಾ ಅಣ್ಣಾ?"

"ಬರ್ದೋಳು ನೀನು ತಾನೇ? ನಾನೇನ್ ಬರೀ ಅಂದ್ನಾ?" ಎಂದ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಅಮ್ಮ ಎಲ್ಲಿಗೋಗ್ತಾಳೆ? ನನ್ ಜೊತೆಲೇ ಇರ್ತಾಳೆ. ಕಾಗ್ದದಲ್ಲಿ ಇದ್ರೆಷ್ಟು ಬಿಟ್ರೆಷ್ಟು? ತಿದ್ಸೋಣ ಬಿಡು, ಈ ಸುಗ್ಗಿ ಕಳೀಲಿ," ಎಂದ.

ಮಾವಿನ ಸುಗ್ಗಿ ಕಳೆಯಿತು. ಆಷಾಢದಲ್ಲಿ ಒಳ್ಳೆಯ ಕೆಲಸ ಮಾಡಬಾರದು ಎಂದ. ಅದು ಮುಗಿದರೆ ಪಿತೃಪಕ್ಷ, ಅದರಾಚೆ ಧನುರ್ಮಾಸ, ಮತ್ತೆ ಹೂವು ಬಿಟ್ಟು ಮದ್ದು ಹೊಡೆಯುವ ಕಾಲ, ಮತ್ತೆ ಸುಗ್ಗಿ. ಬದುಕಿರುವ ತಾಯಿಯನ್ನು ಬದುಕಿದ್ದಾಳೆ ಎಂದು ಬರೆಯುವುದಕ್ಕೆ ನಮ್ಮ ಪಂಚಾಂಗದಲ್ಲಿ ಒಂದು ದಿನ ಸಿಗಲಿಲ್ಲ.

ಆ ದಿನಗಳಲ್ಲೇ ನನ್ನ ಡೈರಿಗೆ ಇನ್ನೊಂದು ಮಾತು ಸೇರಿದ್ದು. ಲ್ಯಾಟಿನ್ನಿನಲ್ಲಿ ಅಪ್ಪ ಎಂಬ ಮಾತಿಗೆ ಒಂದು ಬಾಲ ಸೇರಿಸಿದರೆ ಪಿತ್ರಾರ್ಜಿತ ಆಸ್ತಿ ಎಂದಾಗುತ್ತದೆ. ಅಮ್ಮ ಎಂಬ ಮಾತಿಗೆ ಅದೇ ಬಾಲ ಸೇರಿಸಿದರೆ ಮದುವೆ ಎಂದಾಗುತ್ತದೆ. ಎರಡಕ್ಕೂ ಅಚ್ಚು ಒಂದೇ, ಅಪ್ಪನಿಗೆ ಹೊಲ ಬಂತು, ಅಮ್ಮನಿಗೆ ಗಂಡ ಬಂದ. ಇಂಗ್ಲಿಷಿನವರು ಎರಡನ್ನೂ ಹಾಗೇ ಎತ್ತಿಕೊಂಡು ಇವತ್ತಿಗೂ ಬಳಸುತ್ತಾರೆ. ಅಷ್ಟು ದೂರದವರು, ಅಷ್ಟು ಹಿಂದಿನವರು, ಅವರಿಗೂ ನಮ್ಮೂರಿನ ಬುದ್ಧಿಯೇ ಇತ್ತಲ್ಲ ಎಂದು ನನಗೆ ನಗು ಬಂತು, ಮೈ ಉರಿದೂ ಹೋಯಿತು. ನಾವು ಪತ್ರಗಳಲ್ಲಿ ದಿನಾ ಪಿತ್ರಾರ್ಜಿತ ಎಂದು ಹೊಡೆಯುತ್ತೇವೆ. ಮಾತೃವಿನ ಹೆಸರಿನಲ್ಲಿ ಅಂಥದೊಂದು ಮಾತನ್ನು ಇಷ್ಟು ವರ್ಷಗಳಲ್ಲಿ ಯಾವ ಫೈಲಿನಲ್ಲೂ ನಾನು ಕಂಡಿಲ್ಲ. ಹಳೆಗನ್ನಡದಲ್ಲಿ ಒಡವೆ ಅಂದರೆ ಯಾವ ಸೊತ್ತಾದರೂ ಆಗುತ್ತಿತ್ತಂತೆ. ಈಗ ಅದು ಹೆಂಗಸರ ಕತ್ತಿಗೂ ಕಿವಿಗೂ ಇಳಿದಿದೆ, ಮಾವಿಗೆ ಮದ್ದು ಹೊಡೆಯುವ ಕಾಲಕ್ಕೆ ಅಡವಿಗೆಂದು ಅಲ್ಲಿಂದಲೂ ಇಳಿಯುತ್ತದೆ.

ಅಂಗಡಿಯ ಯಜಮಾನರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮಣ್ಣ ಸಹಿ ಹಾಕಲ್ಲ ಅಂದ್ರೆ ಕೋರ್ಟಿಗೇ ಹೋಗ್ಬೇಕು ಮೇಡಂ. ಹೋದ್ರೆ ಮೊದಲ್ನೇ ಪ್ರಶ್ನೆ ನಿಮ್ಗೇ. ಬರೆದೋರು ಯಾರು? ನೀವು. ಸಹಿ ಮಾಡಿದೋರು ಯಾರು? ನೀವು. ನಿಮ್ಮ ತಾಯಿ ಇದಾರೋ ಇಲ್ವೋ ನಿಮಗೆ ಗೊತ್ತಿರ್ಲಿಲ್ವಾ ಅಂತಾರೆ. ಏನ್ ಹೇಳ್ತೀರಿ?"

ಅವತ್ತು ಮಧ್ಯಾಹ್ನ ಊಟ ಬಿಟ್ಟು ಕೂತು ತಿದ್ದುಪಡಿ ಪತ್ರ ಟೈಪು ಮಾಡಿದೆ. ಅದೊಂದನ್ನು ಮಾತ್ರ ಯಾವ ಹಳೆಯ ಫೈಲನ್ನೂ ತೆಗೆಯದೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕೈಯಾರೆ ಹೊಡೆದೆ. ನಮ್ಮ ತಾಯಿಯವರು ಜೀವಂತವಾಗಿರುತ್ತಾರೆ ಎಂದು ಬರೆದೆ. ಪ್ರಿಂಟು ತೆಗೆದು ಡ್ರಾಯರಿನಲ್ಲಿಟ್ಟೆ. ಅಣ್ಣ ಬಂದು ಸಹಿ ಹಾಕಬೇಕು, ಅಷ್ಟೇ ಬಾಕಿ.

ಎರಡು ಸುಗ್ಗಿ ಆದ ಮೇಲೆ ಅಮ್ಮನಿಗೆ ಹೇಳಿದೆ. ಇನ್ನು ಹೇಳದೆ ಇರಲಾಗಲಿಲ್ಲ. ಪ್ರತಿ ಸಲ ಹೋದಾಗಲೂ ಅವಳು, ಆ ಕಾಗದದ್ದೊಂದು ಪ್ರತಿ ನನಗೂ ತಂದುಕೊಡು, ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುತ್ತಿದ್ದಳು. ಅವತ್ತು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಹಾಲು ಬಕೆಟ್ಟಿಗೆ ಬೀಳುವ ಸದ್ದು ಹಾಗೇ ಇತ್ತು. ಕರೆದು ಮುಗಿಸಿ, ಕೆಚ್ಚಲು ಒರೆಸಿ, ಕರು ಬಿಟ್ಟು, ಆಮೇಲೆ ನನ್ನ ಕಡೆ ನೋಡಿದಳು.

"ಬತಿಕುಂಡಗಾನೇ ಚಂಪೇಸ್ತಿವಾ ಪಾಪಾ?" ಎಂದಳು. ಬದುಕಿರುವಾಗಲೇ ಸಾಯಿಸಿಬಿಟ್ಟೆಯಾ ಎಂದು.

ನಾನು ಅತ್ತೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡುವುದಕ್ಕೂ ಬರಲಿಲ್ಲ. ಬಕೆಟ್ಟು ಎತ್ತಿಕೊಂಡು ಎದ್ದು, "ಪೇರೈತೇ ಉಂದಿ ಗದಾ," ಎಂದಳು. ಹೆಸರಂತೂ ಇದೆಯಲ್ಲ. ಅದನ್ನು ಅವಳು ವ್ಯಂಗ್ಯಕ್ಕೆ ಅಂದಳೋ, ನಿಜವಾಗಿ ಅಷ್ಟಕ್ಕೇ ತೃಪ್ತಿಪಟ್ಟಳೋ ನನಗೆ ಈಗಲೂ ತಿಳಿದಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ತಡೆಯಲಾಗದ್ದೇ.

ಆಮೇಲೆ ಅಮ್ಮ ಅದನ್ನೇ ತಮಾಷೆ ಮಾಡಿಕೊಂಡಳು. ಅಣ್ಣ ಕಾಫಿ ಕೇಳಿದರೆ, "ಸತ್ತೋಳ ಕೈಲಿ ಕಾಫಿ ಕುಡೀತೀಯೇನ್ಲಾ?" ಅನ್ನುತ್ತಿದ್ದಳು. ಡೈರಿಯಲ್ಲಿ ಹಾಲು ಅಳೆಯುವವನಿಗೆ, "ಸತ್ತೋರ ಹಾಲಪ್ಪ, ಡಿಗ್ರಿ ಸರ್ಯಾಗಿ ನೋಡ್ಕೋ," ಅನ್ನುತ್ತಿದ್ದಳು. ಊರಿನವರಿಗೆ ಅರ್ಥವಾಗದೆ ಮುದುಕಿಗೆ ಅರಳುಮರಳು ಎಂದು ನಗುತ್ತಿದ್ದರು. ಅಣ್ಣ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಿದ್ದ. ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು, ಅಮ್ಮನ ಬಾಯಿ ಮುಚ್ಚಿಸು, ನೆಂಟರ ಮುಂದೆ ಮಾನ ಹೋಗುತ್ತೆ ಎಂದ. ಸಹಿ ಹಾಕು, ತಾನಾಗಿ ಮುಚ್ಚುತ್ತೆ ಎಂದೆ. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಯಾವುದಕ್ಕೆ ಹೆದರಿ ನನ್ನ ಪಾಲು ಬಿಟ್ಟಿದ್ದೆನೋ ಅದೂ ಹೋಯಿತು.

ಕೋರ್ಟಿಗೆ ಹೋಗೋಣವಾ ಎಂದು ಅಮ್ಮನನ್ನು ಒಂದು ಸಲ ಕೇಳಿದೆ. ಮಗನ ಮೇಲೆ ಕೋರ್ಟಿಗಾ ಎಂದಳು. ನನ್ನ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳು ಬೇಡ ಅನ್ನಲಿ ಎಂದೇ ನಾನು ಕೇಳಿದ್ದೆ. ಸಾಕ್ಷಿ ಕಟ್ಟೆಯಲ್ಲಿ ನಿಂತು, ಹೌದು ಸ್ವಾಮಿ, ತಾಯಿ ಬದುಕಿರುವಾಗಲೇ ಸತ್ತಿದ್ದಾಳೆ ಎಂದು ಬರೆದವಳು ನಾನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹಾಗೆ ಹೇಳಿದವಳ ಹತ್ತಿರ ಮತ್ತೆ ಯಾರು ಪತ್ರ ಬರೆಸುತ್ತಾರೆ? ಅಣ್ಣನನ್ನು ಬೈಯುವುದು ಸುಲಭ. ಅವನು ತೋಪು ತಿಂದ, ನಾನು ಕೆಲಸ ಉಳಿಸಿಕೊಂಡೆ. ಜರ್ಮನಿಯವರಲ್ಲಿ ಆಸ್ತಿಗೂ ಕೈಲಾಗುವ ಶಕ್ತಿಗೂ ಒಂದೇ ಮಾತು ಎಂದು ಓದಿದ್ದೆ. ಡೈರಿಯಲ್ಲಿ ಅದರ ಮುಂದೆ, ನನಗೆ ಎರಡೂ ಇಲ್ಲ ಎಂದು ಬರೆದಿಟ್ಟೆ.

ಕನ್ನಡದ ಮಾತೊಂದನ್ನು ಕೊನೆಗೆ ಸೇರಿಸಿದೆ. ನಮ್ಮ ಕಡೆಯ ಹಳಬರು ಆಸ್ತಿಗೆ ಬದುಕು ಅನ್ನುತ್ತಿದ್ದರು. ಇಂಥವನು ಒಳ್ಳೆಯ ಬದುಕು ಮಾಡಿದ್ದಾನೆ ಅಂದರೆ ಹೊಲ ಮನೆ ಗಳಿಸಿದ್ದಾನೆ ಎಂದು. ಬೇರೆಯವರೆಲ್ಲ ದನ, ಚರ್ಮ, ಕವಡೆ, ಜಾಗ ಎಂದು ಹುಡುಕಾಡುತ್ತಿದ್ದಾಗ ನಮ್ಮ ಅಜ್ಜಂದಿರು ನೇರವಾಗಿ ಜೀವಕ್ಕೇ ಕೈ ಹಾಕಿದ್ದರು. ಡೈರಿಯಲ್ಲಿ ಆ ಪುಟದ ಮುಂದೆ ನಾನು ಏನನ್ನೂ ಬರೆದಿಲ್ಲ.

ಕಳೆದ ವರ್ಷ ಅಮ್ಮ ಹೋದಳು. ಹಸುವಿಗೆ ಹುಲ್ಲು ಹಾಕಿ ಬಂದು, ನೀರು ಕುಡಿದು, ಜಗುಲಿಯ ಮೇಲೆ ಒರಗಿಕೊಂಡವಳು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಹಣೆಗೆ ವಿಭೂತಿ ಹಚ್ಚಿದ್ದರು. ಅಣ್ಣ ನನ್ನ ಭುಜ ಹಿಡಿದು ಜೋರಾಗಿ ಅತ್ತ. ಆ ಅಳು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ತಿಥಿಯೆಲ್ಲ ಮುಗಿದು ಎರಡು ತಿಂಗಳಿಗೆ ಒಂದು ಬೆಳಗ್ಗೆ ಅಣ್ಣ ಅಂಗಡಿಗೆ ಬಂದ. ಜೊತೆಯಲ್ಲಿ ಮಾಲೂರು ಕಡೆಯ ಲೇಔಟಿನವರು ಇಬ್ಬರಿದ್ದರು. ತೋಪು ಮಾರುತ್ತಿದ್ದ. ಮರ ಕಡಿದು ಸೈಟು ಮಾಡುತ್ತಾರಂತೆ. ಅಮ್ಮನ ಮೂರರಲ್ಲೊಂದು ಪಾಲಿನಲ್ಲಿ ಈಗ ನನಗೂ ಅರ್ಧ ಬರಬೇಕು, ಅದು ನನಗೆ ಗೊತ್ತಿತ್ತು. ಅದನ್ನು ಕೇಳಬೇಕಾದರೆ ಆ ಬಿಡುಗಡೆ ಪತ್ರದ ದಿನ ಅಮ್ಮ ಬದುಕಿದ್ದಳು ಎಂದು ಸಾಬೀತು ಮಾಡಬೇಕು, ಬದುಕಿರಲಿಲ್ಲ ಎಂಬುದಕ್ಕೆ ನನ್ನದೇ ಸಹಿ ಇದೆ. ಡ್ರಾಯರು ಎಳೆದು ತಿದ್ದುಪಡಿ ಪತ್ರ ತೆಗೆದು ಅಣ್ಣನ ಮುಂದೆ ಇಟ್ಟೆ. ಹಾಳೆಯ ಅಂಚು ಹಳದಿಯಾಗಿತ್ತು.

ಅವನು ಓದಿದ. ಮಡಿಸಿ ವಾಪಸು ನನ್ನ ಕಡೆಗೆ ಸರಿಸಿದ. "ಇನ್ನೇನ್ ತಿದ್ದೋದಮ್ಮ ಇದ್ರಲ್ಲಿ? ಈಗ ಎಲ್ಲಾ ಸರ್ಯಾಗೇ ಐತಲ್ಲ," ಎಂದ. ದನಿಯಲ್ಲಿ ಕೋಪವಿರಲಿಲ್ಲ. "ಹಳೇ ಫೈಲಿರುತ್ತಲ್ಲ ನಿನ್ ಹತ್ರ, ಅದ್ರಲ್ಲೇ ಮಾಡ್ಬಿಡು. ಅವ್ರಿಗೆ ಬಿಸಿಲೇರೋದ್ರೊಳ್ಗೆ ಹೊರಡ್ಬೇಕಂತೆ."

ನಾನು ಮಾಡುವುದಿಲ್ಲ ಎಂದರೆ ಪಕ್ಕದ ಅಂಗಡಿಯಲ್ಲಿ ಮಾಡಿಸುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ಫೈಲು ತೆಗೆದೆ. ಬಿಡುಗಡೆ ಪತ್ರ ಎಂದಿದ್ದ ಕಡೆ ಕ್ರಯಪತ್ರ ಎಂದು ಮಾಡಿದೆ. ನನ್ನ ಹೆಸರು ತೆಗೆದೆ, ಕೊಳ್ಳುವವರ ಹೆಸರು ಹಾಕಿದೆ. ಪೂರ್ವದ ಜಮೀನಿನವರೂ ಮಾರಿದ್ದರು, ಅಲ್ಲಿ ಲೇಔಟಿನ ರಸ್ತೆ ಎಂದು ಬದಲಾಯಿಸಿದೆ. ನಿಧಿ ನಿಕ್ಷೇಪ ಜಲ ತರು ಎಂಬುದನ್ನು ಇನ್ನೊಂದು ಫೈಲಿನಿಂದ ತಂದು ಅಂಟಿಸಿದೆ. ಎರಡನೆಯ ಹಾಳೆಗೆ ಬಂದೆ. ಅಪ್ಪನ ಸಾಲಿನ ಕೆಳಗೆ ಅಮ್ಮನ ಹೆಸರು ಅಲ್ಲೇ ಇತ್ತು. ಈ ಸಲ ಓದಿದೆ, ನಿಧಾನವಾಗಿ, ಎರಡು ಸಲ ಓದಿದೆ. ಆ ಸಾಲಿನಲ್ಲಿ ನಾನು ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಿರಲಿಲ್ಲ.